ಖಂಡೇಪೂಜೆಯ ಲ್ಯಾಪ್‌ಟಾಪ್

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಸಿದ್ಧಬಸಯ್ಯನವರೆಂಬ ಗುರುಗಳು. ಸುತ್ತಲಿನ ಜನಕ್ಕೆಲ್ಲ ಅವರು ಅಜ್ಜಾರು.

ಅವರ ಶಿಷ್ಯೆ ನೀಲವ್ವ ಊರೂರು ತಿರುಗಿ ಮುದುಕಿಯರ ಹಾಡುಗಳನ್ನು ಕಲೆಹಾಕುತ್ತಿದ್ದಳು. ಆಶ್ರಮದ ದಪ್ಪ ಲ್ಯಾಪ್‌ಟಾಪ್ ಹೊತ್ತು ಹೊತ್ತು ಅವಳ ಹೆಗಲು ಸೋತಿತ್ತು. ಅದನ್ನು ಕಂಡ ಭಕ್ತರೊಬ್ಬರು ಹೊಸದೊಂದನ್ನು ಕಳಿಸಿದರು.

"ಎಂಟ ದಿನ ನೋಡವ್ವಾ. ಮನಸ್ಸಿಗೆ ಬಂದರ ಇಟ್ಕೋ. ಇಲ್ಲಾಂದ್ರ ನಿನಗ ಎಂಥಾದ್ದು ಬೇಕು ಹೇಳು, ಅದನ್ನ ಕೊಡಸ್ತೀನಿ" ಎಂದಿದ್ದರು.

ಅದು ಪಂಚಾಂಗಕ್ಕಿಂತ ತೆಳ್ಳಗಿತ್ತು. ನೀಲವ್ವ ನೋಡಿದ್ದೇ ಮರುಳಾದಳು. ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಒಂದಿಡೀ ದಿನ ಅದರೊಡನೆ ಕುಸ್ತಿ ಹಿಡಿದು ಲಿನಕ್ಸ್ ತಂತ್ರಾಂಶ ಹಾಕಿದಳು. ಆಶ್ರಮದಲ್ಲಿ ಲಿನಕ್ಸ್ ಬಿಟ್ಟು ಬೇರೆ ನಡೆಯದು. ಅದರ ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದು, ಬಂದರೆ ತಿದ್ದಲೂಬಹುದು. ಅಜ್ಜಾರಿಗೆ ಅದಕ್ಕೇ ಅದರ ಮೇಲೆ ಅಕ್ಕರೆ.

ಅವರು ಹೊಸ ಲ್ಯಾಪ್‌ಟಾಪನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಇದನ್ನ ಹ್ಯಾಂಗ ಬಿಚ್ಚೂದು, ತಂಗಿ?"

"ಬಿಚ್ಚಾಕ ಬರೂದಿಲ್ರಿ. ಎಲ್ಲಾ ಅಂಟು ಹಾಕಿ ಕೂಡಿಸ್ಯಾರ."

"ಕೆಟ್ಟರ?"

"ಕೆಡೂದಿಲ್ರಿ, ಅಜ್ಜಾರ. ಹೊಸಾದೈತಿ."

"ನಾನೂ ಒಂದ ಕಾಲಕ್ಕ ಹೊಸಾದ ಇದ್ದೆ" ಎಂದು ನಕ್ಕು ಅದನ್ನು ಅವಳ ಕೈಗಿತ್ತರು.

ಮರುದಿನ ನೀಲವ್ವ ಹೊಳೆಯಾಚೆಯ ಊರಿಗೆ ಹೋದಳು. ಅಲ್ಲಿ ದುಂಡವ್ವ ಎಂಬ ಮುದುಕಿ, ತೊಂಬತ್ತರ ಹತ್ತಿರದವಳು. ಬೀಸುಕಲ್ಲಿನ ಮುಂದೆ ಹಾಡುವ ಉದ್ದನೆಯ ಪದವೊಂದು ಪೂರ್ತಿ ಬರುತ್ತಿದ್ದದ್ದು ಈಗ ಅವಳೊಬ್ಬಳಿಗೇ. ಉಬ್ಬಸ ಬಂದಾಗ ನಿಲ್ಲಿಸಿ, ನೀರು ಕುಡಿದು, ಇಡೀ ಮುಂಜಾನೆ ಹಾಡಿದಳು. ನೀಲವ್ವ ಅಷ್ಟನ್ನೂ ಹೊಸ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

"ಇನ್ನ ನಾ ಸತ್ತರೂ ಪದ ಉಳಿತೈತಿ ಬಿಡವ್ವಾ" ಎಂದಳು ಮುದುಕಿ.

ತಿರುಗಿ ಬಂದ ದಿನವೇ ಖಂಡೇಪೂಜೆ. ದುಡಿಯುವ ಸಾಮಾನುಗಳನ್ನೆಲ್ಲ ಬಿಚ್ಚಿ, ಒರೆಸಿ, ಸಾಲಾಗಿ ಇಟ್ಟು ಪೂಜಿಸುವುದು ಆಶ್ರಮದ ಪದ್ಧತಿ. ಕುಡಗೋಲು, ಸಲಿಕೆ, ಕತ್ತರಿ, ಹೊಲಿಗೆ ಮಷಿನ್ನು. ಸಾಲಿನ ಕೊನೆಗೆ ನೀಲವ್ವ ತನ್ನ ತೆಳ್ಳನೆಯ ಚೆಲುವಿಯನ್ನು ತೆರೆದು, ಚಾಲೂ ಮಾಡಿ ಕೂರಿಸಿದಳು.

ಪೂಜೆಯ ಪಾಳಿಯೂ ಅವಳದೇ. ಕುಂಕುಮ ಹಚ್ಚಿದಳು, ಹೂವೇರಿಸಿದಳು. ಆಮೇಲೆ ತಂಬಿಗೆಯಿಂದ ಸಾಲಿನುದ್ದಕ್ಕೂ ನೀರು ಚಿಮುಕಿಸುತ್ತ ಬಂದಳು. ಪ್ರೀತಿ ಹೆಚ್ಚಾದಲ್ಲಿ ನೀರೂ ಹೆಚ್ಚಾಯಿತು.

ಕುಡಗೋಲಿಗೆ ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ಒಮ್ಮೆ ಮಿಣುಕಿ ಕಪ್ಪಾಯಿತು.

ಅವಳು ಯಾರಿಗೂ ಹೇಳಲಿಲ್ಲ. ಮರುದಿನ ಸೆರಗಿನಲ್ಲಿ ಸುತ್ತಿಕೊಂಡು ಪಟ್ಟಣದ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ಅಂಟನ್ನು ಕಾಯಿಸಿ, ಕಷ್ಟಪಟ್ಟು ಎಬ್ಬಿ, ಒಳಗೆ ನೋಡಿ ತಲೆ ಅಲ್ಲಾಡಿಸಿದ.

"ಇದರಾಗ ಫೈಲ್ ಇಡೂ ಡಿಸ್ಕ್ ಬ್ಯಾರೆ ಇಲ್ಲಕ್ಕ. ಎಲ್ಲಾ ಬೋರ್ಡಿಗೇ ಬೆಸದಾರ. ಬೋರ್ಡ್ ಸುಟ್ಟೈತಿ. ಒಳಗಿದ್ದದ್ದು ಹೋತು ಅಂತ ತಿಳ್ಕೋರಿ."

ಬಸ್ಸಿನಲ್ಲಿ ಅವಳಿಗೆ ದಾರಿಯುದ್ದಕ್ಕೂ ದುಂಡವ್ವನ ಉಬ್ಬಸವೇ ಕೇಳಿಸಿತು. ಅಳು ತಡೆಯಲಾಗಲಿಲ್ಲ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು, ಅವಳು ಬಿಟ್ಟುಹೋಗಿದ್ದ ದಪ್ಪ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದರು. ಈ ಸೀಮೆಯ ಮಾತುಗಳ ನಿಘಂಟು ಅದು. ಹನ್ನೆರಡು ವರ್ಷದ ದುಡಿಮೆ. ಅದರಲ್ಲಿ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ.

ನೀಲವ್ವ ನಡೆದದ್ದನ್ನೆಲ್ಲ ಹೇಳಿದಳು. "ಪೂಜಿ ಮಾಡಾಕ ಹೋಗಿ ಕೊಂದೆನ್ರಿ, ಅಜ್ಜಾರ. ಆಕೀ ಪದ ಹೋತು."

ಅಜ್ಜಾರು ಪಕ್ಕದಲ್ಲಿದ್ದ ತಂಬಿಗೆ ಎತ್ತಿ, ತಾವು ಟೈಪು ಮಾಡುತ್ತಿದ್ದ ಕೀಲಿಗಳ ಮೇಲೆ ನೀರು ಸುರಿದುಬಿಟ್ಟರು.

"ಅಜ್ಜಾರ! ನಿಮ್ಮ ನಿಘಂಟು!"

ಕಸಿದುಕೊಂಡಳು, ಬೋರಲು ಮಾಡಿದಳು, ಚಿಲಕ ಸರಿಸಿ ಬ್ಯಾಟರಿ ಕಿತ್ತಳು. ಸ್ಕ್ರೂಡ್ರೈವರಿಗಾಗಿ ಓಡಿದಳು. ಎಂಟು ಸ್ಕ್ರೂ. ಡಿಸ್ಕ್ ತೆಗೆದು ನೋಡಿದರೆ ಒಂದು ಹನಿಯೂ ತಾಕಿರಲಿಲ್ಲ. ಅದನ್ನು ಆಫೀಸಿನ ಹಳೆಯ ಕಂಪ್ಯೂಟರಿಗೆ ಜೋಡಿಸಿ ಚಾಲೂ ಮಾಡಿದಳು.

ಲಿನಕ್ಸ್ ಯಾವ ತಕರಾರೂ ಇಲ್ಲದೆ ಎದ್ದಿತು. ನಿಘಂಟು ಒಂದಕ್ಷರವೂ ಅಳಿಯದೆ ಹಾಗೇ ಇತ್ತು. ನೀರು ಕುಡಿದದ್ದು ಕೀಬೋರ್ಡ್ ಮಾತ್ರ. ಅದು ಕೆಟ್ಟರೂ ಅಂಥದ್ದೇ ಇನ್ನೊಂದು ತಂದು ಹಾಕಿದರೆ ಮುಗಿಯಿತು.

ಹೊರಗೆ ಬಂದಾಗ ಅವಳಿಗೆ ಸಿಟ್ಟು ಬಂದಿತ್ತು.

"ಹೋಗಿಬಿಟ್ಟಿದ್ದರ ಏನ್ ಮಾಡ್ತಿದ್ರಿ?"

"ನಿನ್ನ ಜೋಡಿ ಕುಂತು ಅಳ್ತಿದ್ದೆ."

ಅವಳು ಮೆಟ್ಟಿಲ ಮೇಲೆ ಕೂತಳು.

"ದುಂಡವ್ವಗ ಏನಂತ ಹೇಳ್ಲಿ?"

"ಆದದ್ದನ್ನ ಹೇಳು."

"ಮತ್ತ ಹಾಡ್ತಾಳೇನ್ರಿ?"

"ಗೊತ್ತಿಲ್ಲ ತಂಗಿ. ಈ ಹಳೇ ಲ್ಯಾಪ್‌ಟಾಪ್ ಒಣಗಿದ ಕೂಡ್ಲೇ ತಗೊಂಡು ಹೋಗು, ತಡಾ ಮಾಡಬ್ಯಾಡ. ಆಕೀಗೂ ಡಿಸ್ಕ್ ಬ್ಯಾರೆ ಇಲ್ಲ."

ನೀಲವ್ವ ಕಣ್ಣೊರೆಸಿಕೊಂಡಳು. ಹೊತ್ತು ಮುಳುಗುವ ಮೊದಲು ಭಕ್ತರಿಗೂ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು. ಅವರು ಬೈಯಲಿಲ್ಲ.

"ಇನ್ನೊಂದು ಕೊಡಸ್ತೀನಿ ಅಂದ್ರು, ಅಜ್ಜಾರ. ಎಂಥಾದ್ದು ಬೇಕು ಅಂತ ಕೇಳ್ಯಾರ. ಏನ್ ಹೇಳ್ಲಿ? ಎಂಥಾದ್ದ ಬರಲಿ, ಈ ಸಲ ಜ್ವಾಕಿ ಮಾಡ್ತೀನ್ರಿ. ಆಣಿ ಮಾಡಿ ಹೇಳ್ತೀನಿ, ಮತ್ತ ತಪ್ಪು ಮಾಡೂದಿಲ್ಲ."

ಅಜ್ಜಾರು ಅವಳ ತಲೆಯ ಮೇಲೆ ಕೈಯಿಟ್ಟರು.

"ಮಾಡ್ತಿ, ತಂಗಿ. ನಿನ್ನ ತಪ್ಪು ತಡಕೊಳ್ಳೂವಂಥಾದ್ದು ಬೇಕು ಅಂತ ಹೇಳು."