ಸೊರಗಿದ ಹೊಲದ ಬೀಜ

ರೋಗ ಕಾಣದ ಹೊಲದ ಬೀಜವೇ ಗಟ್ಟಿ ಬೀಜ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ರೇವಪ್ಪನೂ ನಂಬಿದ್ದ. ಹೊಳೆದಂಡೆಯ ಮಠಕ್ಕೆ ತೊಗರಿ ಬೀಜ ತರುವ ಕೆಲಸ ಅವನದು. ವರ್ಷಕ್ಕೊಮ್ಮೆ ಮಡಿಯುಟ್ಟು ಹೊಳೆ ದಾಟಿ ಗುಡ್ಡದ ಹೊಲಕ್ಕೆ ಹೋಗುತ್ತಿದ್ದ. ದಪ್ಪ ಕಾಳು ಆರಿಸಿ, ಗಂಟು ನೆಲಕ್ಕೆ ತಾಗಿಸದೆ, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಹೊತ್ತು ತರುತ್ತಿದ್ದ.

ಸತತ ಮೂರು ವರ್ಷ ಮಠದ ತೊಗರಿ ಹೂ ಬಿಡುವ ಹೊತ್ತಿಗೆ ಸೊರಗಿತು. ನೆಲದಲ್ಲಿ ಹಸಿಯಿದ್ದರೂ ಗಿಡ ನಿಂತಲ್ಲೇ ಒಣಗಿತು. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ.

ಮಡಿಯಲ್ಲಿ ಕೊರತೆಯಿದೆ ಎಂದರು ಊರ ಹಿರಿಯರು. ರೇವಪ್ಪ ಪ್ರತಿವರ್ಷ ಹೊಳೆಯಲ್ಲಿ ಒಂದೊಂದು ಮುಳುಗು ಹೆಚ್ಚಿಸಿದ. ತೊಗರಿಗೆ ಏನೂ ಆಗಲಿಲ್ಲ. ಅವನಿಗೆ ನೆಗಡಿಯಾಯಿತು.

ದಾಸೋಹದ ಸಾರಿನಲ್ಲಿ ಬೇಳೆ ಕಾಣದಾಯಿತು. ಇನ್ನೊಂದು ಬೆಳೆ ಹೋದರೆ ಒಲೆ ಆರಿಸಿಬಿಡಿ ಎಂದು ಹಿರಿಯರು ಖಡಾಖಂಡಿತವಾಗಿ ಹೇಳಿದರು.

ಒಣಗಿದ ಗಿಡಗಳನ್ನು ರೇವಪ್ಪ ಕಿತ್ತು ಸುಡಲು ರಾಶಿ ಹಾಕುತ್ತಿದ್ದ. ಅಷ್ಟು ದೊಡ್ಡ ಹೊಲದಲ್ಲಿ ಏಳೇ ಗಿಡ ಹಸಿರಾಗಿದ್ದವು. ಮಠದ ಗುರು ಮೌನಯ್ಯನವರು ಅವುಗಳ ಕಾಯಿ ಬಿಡಿಸುತ್ತಿದ್ದರು.

"ಏನ್ ಮಾಡಾಕತ್ತೀರಿ ಅಜ್ಜಾರ?"

"ಬೀಜ ಹಿಡ್ಯಾಕತ್ತೀನಿ."

"ಈ ಸಣ್ಣ ಕಾಳು? ಈ ರೋಗದ ಹೊಲದಾಗಿಂದು?"

"ಹೂಂ."

ರೇವಪ್ಪನಿಗೆ ತಡೆಯಲಾಗಲಿಲ್ಲ. "ರೋಗದ ಮನಿಯಿಂದ ಯಾರಾದ್ರೂ ಹೆಣ್ಣು ತರ್ತಾರೇನ್ರಿ?"

"ನಾ ಸನ್ಯಾಸಿ. ಯಾವ ಮನಿಯಿಂದನೂ ತರೂದಿಲ್ಲ. ಆ ಚೀಲ ಹಿಡಿ."

ಹಿಡಿದ. ಆದರೂ ಮುಂಗಾರಿಗೆ ಮುಂಚೆ ಮತ್ತೆ ಮುಳುಗಿ, ಮತ್ತೆ ಗುಡ್ಡಕ್ಕೆ ಹೋಗಿ, ಮತ್ತೆ ಗಂಟು ಹೊತ್ತು ಬಂದ.

ಮೌನಯ್ಯನವರು ಹಣೆ ಚಚ್ಚಿಕೊಂಡರು. ಆಮೇಲೆ ಹೊಲದ ನಡುವೆ ಒಂದು ಹಗ್ಗ ಎಳೆದರು. "ಆ ಕಡೆ ನಿಂದು. ಈ ಕಡೆ ನಂದು. ಎರಡೂ ಬಿತ್ತು."

ಹೂ ಬಿಡುವ ಹೊತ್ತು ಬಂತು. ರೇವಪ್ಪನ ಕಡೆ ಎಲೆ ಜೋತು ಬಿದ್ದವು, ಗಿಡಗಳು ಸಾಲುಸಾಲಾಗಿ ಒಣಗಿದವು. ಗುರುಗಳ ಕಡೆ ಅಲ್ಲೊಂದು ಇಲ್ಲೊಂದು ಸತ್ತವು. ಉಳಿದದ್ದೆಲ್ಲ ಕಾಯಿ ಕಟ್ಟಿತು. ಹಿರಿಯರು ಬಂದು ನೋಡಿ, ಒಲೆಯ ಮಾತೆತ್ತದೆ ಹೋದರು.

ರೇವಪ್ಪ ಮಾತ್ರ ಬದುವಿನ ಮೇಲೆ ಮುಖ ಊದಿಸಿಕೊಂಡು ಕೂತ.

"ಈಗೇನಾತೋ?" ಎಂದರು ಗುರುಗಳು.

"ನ್ಯಾಯ ಅಲ್ರೀ ಇದು. ಗುಡ್ಡದ ಹೊಲದಾಗ ಹತ್ತು ವರ್ಷದಿಂದ ಒಂದು ಗಿಡನೂ ಸೊರಗಿಲ್ಲ. ನಾ ಕಣ್ಣಾರೆ ನೋಡೀನಿ. ಅಂಥಾ ಗಟ್ಟಿ ಬೀಜ ಇಲ್ಲಿ ಬಂದು ಯಾಕ ಸಾಯ್ಬೇಕ್ರಿ?"

ಮೌನಯ್ಯನವರು ಮತ್ತೊಮ್ಮೆ ಹಣೆ ಚಚ್ಚಿಕೊಂಡರು.

"ಆ ಗುಡ್ಡದ ಮಣ್ಣಾಗ ಈ ರೋಗನೇ ಇಲ್ಲೋ."