ಮೊದಲು ತುಂಬುವ ಕಣ್ಣು

"ಗುರುಗಳೇ, ನಿಜವಾಗಿ ಅಳುವವರು ಯಾರು, ಅಳುವಂತೆ ನಟಿಸುವವರು ಯಾರು ಎಂಬುದು ನನಗೆ ನೋಡಿದ ಕೂಡಲೇ ತಿಳಿದುಬಿಡುತ್ತದೆ. ಇದು ಗುಣವೋ, ದೋಷವೋ?" ಎಂದು ಶಿಷ್ಯ ಸೋಮಲಿಂಗ ಕೇಳಿದ.

ಗುರುಗಳು ಅವನನ್ನು ಒಮ್ಮೆ ನೋಡಿದರು. "ತೋಳಿನ ಹೊಲಿಗೆ ಬಿಟ್ಟಿದೆ, ಸಂಜೆ ಅಂಗಿ ಕೊಡು," ಎಂದರು. ಆಮೇಲೆ ಕೇಳಿದರು: "ಇವತ್ತು ಯಾರನ್ನು ನೋಡಿದೆ?"

ಆಶ್ರಮದ ಬಾಗಿಲು ಕಾಯುವುದು ಸೋಮಲಿಂಗನ ಕೆಲಸ. ಕಷ್ಟ ಹೇಳಿಕೊಳ್ಳಲು ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಡಬೇಕು. ಆ ಬೆಳಿಗ್ಗೆ ಒಬ್ಬ ಹೆಂಗಸು ಬಂದಿದ್ದಳು. ಎದೆ ಬಡಿದುಕೊಂಡು ಅಳುತ್ತಿದ್ದಳು. ನಡುನಡುವೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು, ಯಾರು ನೋಡುತ್ತಿದ್ದಾರೆ ಎಂದು ಸುತ್ತಲೂ ಕಣ್ಣು ಹಾಯಿಸುತ್ತಿದ್ದಳು. ಸೋಮಲಿಂಗನಿಗೆ ಅದು ನಾಟಕವೆನಿಸಿತು. ದರ್ಶನದ ಹೊತ್ತು ಮುಗಿದಿದೆ ಎಂದು ಸುಳ್ಳು ಹೇಳಿ ಅವಳನ್ನು ಕಳಿಸಿಬಿಟ್ಟಿದ್ದ. ಅದನ್ನೇ ಈಗ ಗುರುಗಳಿಗೆ ಹೇಳಿದ.

"ಎಲ್ಲಿಗೆ ಹೋದಳು?"

"ಮೆಟ್ಟಿಲಿಳಿದು ಹೋದಳು. ಯಾವ ಊರೆಂದು ನಾನು ಕೇಳಲಿಲ್ಲ."

"ಕುಳಿತುಕೋ," ಎಂದು ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಹೊಲಿಗೆ ಅವನ ಹೊಟ್ಟೆಪಾಡು, ಸಿನಿಮಾ ಅವನ ಹುಚ್ಚು. ಊರಲ್ಲಿ ಇದ್ದದ್ದು ಒಂದೇ ಟಾಕೀಸು. ಅಲ್ಲಿಗೆ ಬಂದ ಯಾವ ಚಿತ್ರವನ್ನೂ ಅವನು ಬಿಟ್ಟವನಲ್ಲ. ಉಳಿದವರು ಕತೆ ನೋಡಿದರೆ ಇವನು ಕಸುಬು ನೋಡುತ್ತಿದ್ದ. ಅಂಗಿಯ ಒಳಮಗ್ಗುಲು ತಿರುಗಿಸಿ ಹೊಲಿಗೆ ಪರೀಕ್ಷಿಸಿ ಅಭ್ಯಾಸವಾದವನಲ್ಲವೇ, ನಟರನ್ನೂ ಹಾಗೇ ತಿರುಗಿಸಿ ನೋಡುತ್ತಿದ್ದ.

ಒಂದು ಚಿತ್ರದಲ್ಲಿ ಒಬ್ಬ ಬಡ ತಾಯಿ ಹರಿದ ಸೀರೆಯುಟ್ಟು ಬಂದಳು. ಟಾಕೀಸೆಲ್ಲ ಕಣ್ಣೊರೆಸಿಕೊಳ್ಳುತ್ತಿತ್ತು. ದರ್ಜಿ ಗಟ್ಟಿಯಾಗಿ, "ಇದು ಕತ್ತರೀಲೆ ಹರದ ಸೀರಿ. ಬಡತನ ಹರದಿದ್ರ ಕೂಡೋ ಜಾಗಾದಾಗ ಹರೀತಿತ್ತು, ಹೆಗಲ ಮ್ಯಾಲಲ್ಲ," ಎಂದ. ಇನ್ನೊಂದರಲ್ಲಿ ನಾಯಕ ಮನೆ ಬಿಟ್ಟು ಪೆಟ್ಟಿಗೆ ಹಿಡಿದು ಹೊರಟ. ಪೆಟ್ಟಿಗೆ ಖಾಲಿ ಇದೆ, ಅವನ ಹೆಗಲು ಇಳಿದೇ ಇಲ್ಲ ಎಂದ. ಮತ್ತೊಬ್ಬ ನಟ ಕಾಗದ ಓದಿ ಕುಸಿದುಬಿದ್ದ. ಅವನ ಕಣ್ಣು ಸಾಲಿನಿಂದ ಸಾಲಿಗೆ ಸರಿಯಲೇ ಇಲ್ಲ, ಓದದೆ ಬಿದ್ದನೇ ಎಂದು ಕೇಳಿದ. ಗುಂಡೇಟು ತಿಂದು ಐದು ನಿಮಿಷ ಭಾಷಣ ಮಾಡಿ ಸಾಯುವ ನಾಯಕರನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. "ಅಷ್ಟು ಉಸಿರಿದ್ದಾಂವ ನಡಕೊಂತ ದವಾಖಾನಿಗೆ ಹೋಗಬಹುದಿತ್ತಲ್ಲ!" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಸೋಮಲಿಂಗ, ಅದನ್ನು ನೆನಪಿಟ್ಟುಕೋ. ಸೀರೆ ಕತ್ತರಿಯಿಂದಲೇ ಹರಿದದ್ದು, ಪೆಟ್ಟಿಗೆ ಖಾಲಿಯೇ ಇತ್ತು. ಅವನ ಕಣ್ಣು ಚುರುಕು. ಆ ಕಣ್ಣಿನ ಮೇಲೆ ಅವನಿಗೆ ಮಿತಿಮೀರಿದ ಹೆಮ್ಮೆ ಇತ್ತು. ಸಿನಿಮಾ ವಾರಪತ್ರಿಕೆಗೆ ಕಾಗದ ಬರೆಯುತ್ತಿದ್ದ. ಅಚ್ಚಾದ ಕಾಗದಗಳನ್ನು ಕತ್ತರಿಸಿ ಅಂಗಡಿಯ ಗೋಡೆಗೆ, ನಿಲುಗನ್ನಡಿಯ ಪಕ್ಕದಲ್ಲಿ ಅಂಟಿಸುತ್ತಿದ್ದ. ಅಳತೆ ಕೊಡಲು ಬಂದವರು ಅವನ್ನು ಓದಲೇಬೇಕಿತ್ತು, ಇಲ್ಲದಿದ್ದರೆ ಅಂಗಿ ಹಬ್ಬಕ್ಕೆ ಸಿಗುತ್ತಿರಲಿಲ್ಲ.

ಅಳುವಿನ ಬಗ್ಗೆ ಅವನು ಒಂದು ಕಟ್ಟಳೆ ಮಾಡಿಕೊಂಡಿದ್ದ. ನಿಜವಾಗಿ ಅಳುವವರಿಗೆ ಒಂದು ಕಣ್ಣು ಮೊದಲು ತುಂಬುತ್ತದೆ, ಇನ್ನೊಂದು ಆಮೇಲೆ. ಕಣ್ಣೀರು ಬರಿಸಲು ಗ್ಲಿಸರಿನ್ ಹಾಕಿಕೊಂಡವರಿಗೆ ಎರಡೂ ಒಟ್ಟಿಗೆ ತುಂಬುತ್ತವೆ. ಇದನ್ನು ಅವನು ಯಾವ ವೈದ್ಯನನ್ನೂ ಕೇಳಿ ತಿಳಿದುಕೊಂಡದ್ದಲ್ಲ. ಹೆಸರಾಂತ ನಟಿಯರೆಲ್ಲ ಅವನ ಈ ಪರೀಕ್ಷೆಯಲ್ಲಿ ನಪಾಸಾದರು. ಪಾಪ, ಅವರಿಗೆ ಅದು ಗೊತ್ತೇ ಆಗಲಿಲ್ಲ.

ಇಷ್ಟು ವರ್ಷಗಳಲ್ಲಿ ಅವನು ಒಪ್ಪಿದ್ದು ಒಬ್ಬನನ್ನೇ. ಯಾರಿಗೂ ಹೆಸರು ಗೊತ್ತಿಲ್ಲದ ನಟ, ಎರಡು ನಿಮಿಷದ ಪಾತ್ರ. ಮಗ ಸತ್ತ ಸುದ್ದಿ ಹೇಳಲು ಒಬ್ಬ ಬರುತ್ತಾನೆ. ತಂದೆ ಕೇಳಿಸಿಕೊಳ್ಳುತ್ತಾನೆ. ಹೆಗಲ ಮೇಲಿನ ಟವಲು ತೆಗೆದು, ನಾಲ್ಕು ಮಡಿಕೆ ಮಾಡಿ ಪಕ್ಕಕ್ಕೆ ಇಡುತ್ತಾನೆ. ಬಂದವನನ್ನು "ಊಟ ಆತೇನು?" ಎಂದು ಕೇಳುತ್ತಾನೆ. ಅಷ್ಟೇ. ದರ್ಜಿ ಆ ಚಿತ್ರವನ್ನು ಹನ್ನೊಂದು ಸಲ ನೋಡಿದ. "ನೋವು ಅಂದ್ರ ಇದು. ಕೈ ಆಡಲಿಲ್ಲ, ಬಾಯಿ ತೆರೀಲಿಲ್ಲ," ಎಂದು ಬಂದವರಿಗೆಲ್ಲ ಹೇಳಿದ. ಅಲ್ಲಿಂದ ಮುಂದೆ ಆ ಊರಲ್ಲಿ ಎಲ್ಲ ನಟರನ್ನೂ ಅಳೆಯುವ ಟೇಪು ಅದೇ ಆಯಿತು.

ಹನ್ನೊಂದು ಸಲವೂ ಅವನ ಪಕ್ಕದಲ್ಲಿ ಕುಳಿತು ನೋಡಿದವಳು ಅವನ ಹೆಂಡತಿ. ಅವಳ ಹೆಸರು ನೀಲವ್ವ. ಅವಳಿಗೆ ಬೋರಾಡಿ ಅಳುವ ಚಿತ್ರಗಳೇ ಇಷ್ಟ. ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. "ನೋಡ್ರಿ, ಗ್ಲಿಸರಿನ್‌ಗೆ ಅಳಾಕತ್ತಾಳ!" ಎಂದು ಅವನು ಹಿಂದಿನ ಸಾಲಿನವರಿಗೆ ತೋರಿಸುತ್ತಿದ್ದ. ಬರಬರುತ್ತ ಅವಳು ಅಳುವುದನ್ನು ಕಡಿಮೆ ಮಾಡಿದಳು. ಹಗಲೆಲ್ಲ ಅಂಗಡಿಯ ಒಳಕೋಣೆಯಲ್ಲಿ ಕುಳಿತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಹೊರಗೆ ಅವನು ಹೇಳುವ ಪ್ರತಿ ಮಾತೂ ಅವಳ ಕಿವಿಗೆ ಬೀಳುತ್ತಿತ್ತು.

ಒಂದು ಬುಧವಾರ ಅಂಗಡಿಯಲ್ಲಿ ನಾಲ್ಕೈದು ಜನ ಸೇರಿದ್ದರು. ಹೊಸ ಚಿತ್ರವೊಂದರ ಮಾತು ನಡೆದಿತ್ತು. ಒಳಗಿನಿಂದ ನೀಲವ್ವ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಂದಳು. "ಅಯ್ಯೋ ಯವ್ವಾ, ಸತ್ತೆನ್ರೀ," ಎಂದು ಕೂಗಿ ಬಾಗಿಲಲ್ಲೇ ಕುಕ್ಕರಿಸಿದಳು.

ದರ್ಜಿ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಎದುರಿಗೆ ಜನ ಇದ್ದರು, ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. "ಭಾಳ ಆತು ನೀಲಾ. ಹೊಟ್ಟಿ ನೋವಿಗೆ ಎರಡೂ ಕೈಲೆ ಹೊಟ್ಟಿ ಹಿಡಕೊಳ್ಳೋದು ಕಂಪನಿ ನಾಟಕದಾಗ. ಒಂದು ಕೈ ಕಡಿಮಿ ಮಾಡು," ಎಂದ.

ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು. ಒಂದು ಕೈ ತೆಗೆದಳು.

ಒಂದು ಕೈ ತೆಗೆದಳು, ಸೋಮಲಿಂಗ.

ಅವನು ಅವಳಿಗೆ ಓಮಿನ ಕಾಳು ಕೊಟ್ಟ, ಸೋಡಾ ತರಿಸಿ ಕುಡಿಸಿದ. ಆಮೇಲೆ ಅವಳು ಕೂಗಲಿಲ್ಲ. ಗುರುವಾರ ಎಂದಿನಂತೆ ರೊಟ್ಟಿ ಬಡಿದಳು, ಕಾಜಾ ಹೊಲಿದಳು. ಮುಖ ಬಿಳಿಚಿಕೊಂಡಿತ್ತು. ಹೇಗಿದೆ ಎಂದು ಅವನು ಒಮ್ಮೆ ಕೇಳಿದ. ಕಡಿಮೆ ಎಂದಳು. ಸಾವಿರ ನಟರ ಸುಳ್ಳು ಹಿಡಿದವನು ಈ ಒಂದು ಸುಳ್ಳನ್ನು ಹಿಡಿಯಲಿಲ್ಲ. ಕೂಗಾಟ ನಿಂತಿತಲ್ಲ, ನೋವೂ ನಿಂತಿರಬೇಕು ಎಂದುಕೊಂಡು ಮಿಶಿನ್ ತುಳಿದ.

ಶುಕ್ರವಾರ ಹೊಸ ಚಿತ್ರ ಬಂತು. ಮಧ್ಯಾಹ್ನದ ಮೊದಲ ಆಟಕ್ಕೆ ಇಬ್ಬರೂ ಹೋಗುವುದು ವಾಡಿಕೆ. ಅವಳು ಅವನಿಗೆ ಬಡಿಸಿದಳು. ತಾನು ಬರುವುದಿಲ್ಲ, ಹೋಗಿ ಬನ್ನಿ ಎಂದಳು. ಅವನು ಕೈ ತೊಳೆದು ಬಂದಾಗ ಗೋಡೆಗೆ ಒರಗಿ ಕುಳಿತಿದ್ದಳು. ತೊಡೆಯ ಮೇಲೆ ಕಾಜಾ ಮುಗಿದ ಅಂಗಿಯೊಂದಿತ್ತು. ಅದನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು.

"ಊಟ ಆತೇನ್ರೀ?" ಎಂದು ಕೇಳಿದಳು.

"ಈಗರ ನೀನ ಬಡಿಸಿದೆಲ್ಲ, ಮರತಿಯೇನು?" ಎಂದು ನಕ್ಕು ಅವನು ಚಪ್ಪಲಿ ಮೆಟ್ಟಿದ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ದಾರಿಯಲ್ಲಿ ಒಮ್ಮೆ ಅನಿಸಿತು. ಟಾಕೀಸಿನ ಗಂಟೆ ಹೊಡೆಯಿತು. ಹೆಜ್ಜೆ ಚುರುಕು ಮಾಡಿದ.

ಚಿತ್ರದಲ್ಲಿ ಒಬ್ಬಳು ತಾಯಿ ಕಾಯಿಲೆ ಬಿದ್ದು ನರಳುತ್ತಿದ್ದಳು. ಅವಳ ಕೆಮ್ಮು ಗಂಟಲಿನದು, ಎದೆಯದಲ್ಲ ಎಂದು ಅವನು ಪಕ್ಕದವನಿಗೆ ವಿವರಿಸುತ್ತಿದ್ದ. ಆಗ ಟಾಕೀಸಿನವರು ಬಂದು ಅವನ ಹೆಸರು ಹಿಡಿದು ಕೂಗಿದರು. ಪಕ್ಕದ ಮನೆಯವರು ನೀಲವ್ವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಒಯ್ದಿದ್ದರು.

ಕರುಳು ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತು. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಅವರಿಗೆ ಅರ್ಥವಾಗದ ಒಂದನ್ನು ಮಾತ್ರ ಕೇಳಿದರು. "ಮೂರು ದಿನದ ನೋವು ಇದು. ಇಂಥ ನೋವಿಗೆ ಗಟ್ಟಿಮುಟ್ಟಾದ ಗಂಡಸರು ಓಣಿ ಕೇಳೋ ಹಾಂಗ ಕೂಗ್ತಾರ. ಈಕಿ ಕೂಗಲಿಲ್ಲೇನು?"

ಕೂಗಿದ್ದಳು. ದರ್ಜಿಯೇ ಅದನ್ನು ತಿದ್ದಿದ್ದ.

ಅವನು ಒಳಗೆ ಹೋಗಿ ಮಂಚದ ಪಕ್ಕ ನಿಂತ. ನೀಲವ್ವ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಕೈ ಎರಡೂ ಮೈಯ ಪಕ್ಕಕ್ಕಿದ್ದವು, ಅಲುಗುತ್ತಿರಲಿಲ್ಲ. ಅವನನ್ನು ಕಂಡು ಕಣ್ಣು ತೆರೆದಳು.

"ಭಾಳ ಆಗಲಿಲ್ಲಲ್ರೀ?" ಎಂದು ಕೇಳಿದಳು.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ. ಕೆಲಸ ಸರಿಯಾಯಿತೇ ಎಂದು, ಕಾಜಾ ಹೊಲಿದ ಅಂಗಿ ತೋರಿಸಿ ಕೇಳುತ್ತಿದ್ದಳಲ್ಲ, ಹಾಗೆ ಕೇಳಿದ್ದಳು. ಅವನು ಅವಳ ಕೈ ಹಿಡಿದುಕೊಂಡು, "ಕೂಗು ನೀಲಾ, ನಿನ್ನ ಕಾಲಿಗೆ ಬೀಳತೇನಿ, ಕೂಗು," ಎಂದ. ಅವಳಲ್ಲಿ ಕೂಗುವಷ್ಟು ಉಸಿರು ಉಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಸತ್ತಳು.

ಮನೆ ಚಿಕ್ಕದು. ಹೆಣವನ್ನು ಅಂಗಡಿಯಲ್ಲೇ ಗೋಡೆಗೆ ಒರಗಿಸಿ ಕೂರಿಸಿದರು, ವಿಭೂತಿ ಹಚ್ಚಿದರು. ಅವನು ಎದುರಿಗೆ ಕುಳಿತ. ಅಷ್ಟು ಹೊತ್ತು ಬಾರದ ಅಳು ಆಗ ಬಂತು. ತಲೆ ಎತ್ತಿದ. ಅವಳ ಪಕ್ಕದಲ್ಲೇ ಅಳತೆಯ ನಿಲುಗನ್ನಡಿ ಇತ್ತು. ಅದರಲ್ಲಿ ತನ್ನ ಮುಖ ಕಂಡ. ಎರಡೂ ಕಣ್ಣು ಒಟ್ಟಿಗೆ ತುಂಬಿದ್ದವು.

ಗ್ಲಿಸರಿನ್ ಎಂದು ಅವನ ತಲೆಯೊಳಗೆ ಯಾರೋ ಅಂದರು.

ಅಂದವನು ಅವನೇ. ಹೆಂಡತಿಯ ಹೆಣದ ಮುಂದೆ, ತನ್ನದೇ ಅಳುವಿಗೆ ಅವನು ತೀರ್ಪು ಕೊಟ್ಟ. ಬಂದ ಅಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮತ್ತೆ ಎಂದೂ ಬರಲಿಲ್ಲ. ಮಣ್ಣು ಕೊಡುವವರೆಗೂ ಅವನು ಕಲ್ಲಿನ ಹಾಗೆ ಕುಳಿತಿದ್ದ. ಅಂಗಡಿಗೆ ದಿನಾ ಬರುತ್ತಿದ್ದವನೊಬ್ಬ ಪಕ್ಕದವನ ಕಿವಿಯಲ್ಲಿ, "ನೋಡು, ದುಃಖ ಅಂದ್ರ ಇದು. ಕೈ ಆಡಲಿಲ್ಲ, ಬಾಯಿ ತೆರೀಲಿಲ್ಲ," ಎಂದ. ಮೆಚ್ಚುಗೆಯಿಂದಲೇ ಹೇಳಿದ. ದರ್ಜಿಗೆ ಅದು ಕೇಳಿಸಿತು.

ಇಲ್ಲಿಗೆ ಗುರುಗಳು ನಿಲ್ಲಿಸಿದರು.

ಸೋಮಲಿಂಗನಿಗೆ ಬೆಳಗಿನ ಹೆಂಗಸು ನೆನಪಾದಳು. ಅವಳು ಮೆಟ್ಟಿಲಿಳಿಯುವಾಗಲೂ ಸೆರಗು ಸರಿಪಡಿಸಿಕೊಂಡಿದ್ದಳು. ಮಾನವಂತ ಹೆಂಗಸು ಅಳುವಾಗಲೂ ಸೆರಗು ಮರೆಯುವುದಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಅವಳ ಊರೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ, ಹುಡುಕುವುದು ಎಲ್ಲಿ? ಅವನ ಕಣ್ಣಲ್ಲಿ ನೀರು ಬಂತು. ತೋಳಿನಿಂದ ಒರೆಸಿಕೊಂಡ.

"ಆಮೇಲೆ ಆ ದರ್ಜಿ ಏನಾದ?" ಎಂದು ಕೇಳಿದ.

"ಕನ್ನಡಿ ಒಡೆದ. ಅಂಗಡಿ ಮುಚ್ಚಿದ. ಟಾಕೀಸಿನ ಕಡೆ ತಲೆಹಾಕಲಿಲ್ಲ. ಊರು ಬಿಟ್ಟು ಜಪ ಮಾಡಿದ, ಉಪವಾಸ ಮಾಡಿದ. ಮೂವತ್ತು ವರ್ಷ ಮಾಡಿದ."

"ಈಗಲಾದರೂ ಆ ದೋಷ ಅವನನ್ನು ಬಿಟ್ಟಿದೆಯೇ, ಗುರುಗಳೇ?"

ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತಿದ್ದರು.

"ನಿನ್ನ ಬಲಗಣ್ಣು ಮೊದಲು ತುಂಬಿತು," ಎಂದರು.