ಮರಕುಟಿಗ ಮೆಚ್ಚಿದ ದೋಣಿ

ಈಜು ಬಾರದ ಮುಳ್ಳುಹಂದಿಗೆ ಆಚೆ ದಡದ ಗೆಣಸಿನ ಹೊಲದ ಮೇಲೆ ಆಸೆಯಾಯಿತು. ಹೊಳೆಯ ದಂಡೆಯಲ್ಲಿ ಒಬ್ಬರೇ ಕೂರುವಂಥ ಎರಡು ಹಳೆಯ ದೋಣಿಗಳು ಮಾರಾಟಕ್ಕಿದ್ದವು. ಒಂದು ಫೈಬರಿನದು, ಇನ್ನೊಂದು ಮರದ್ದು. ಯಾವುದು ಒಳ್ಳೆಯದೆಂದು ತಿಳಿಯಲು ಮುಳ್ಳುಹಂದಿ ಮರಕುಟಿಗ ಹಕ್ಕಿಯನ್ನು ಕರೆತಂದಿತು.

ಮರಕುಟಿಗ ಫೈಬರ್ ದೋಣಿಯನ್ನು ಒಮ್ಮೆ ಕುಕ್ಕಿತು. ಕೊಕ್ಕು ನೊಂದಿತು. "ಛೀ, ಸತ್ವವಿಲ್ಲದ ಮಾಲು!"

"ನನ್ನನ್ನು ನೀರಿಗಿಳಿಸಿ ನೋಡಿ ಸ್ವಾಮಿ," ಎಂದಿತು ಫೈಬರ್ ದೋಣಿ.

"ಪರೀಕ್ಷೆ ಮಾಡುವುದನ್ನು ನೀನು ನನಗೆ ಹೇಳಿಕೊಡಬೇಡ," ಎಂದು ಗದರಿದ ಮರಕುಟಿಗ ಮರದ ದೋಣಿಯ ತಳಕ್ಕೆ ಕುಕ್ಕಿತು. ಕೊಕ್ಕು ಸಲೀಸಾಗಿ ಒಳಗಿಳಿಯಿತು. ಅರ್ಧ ಗಂಟೆ ತಳವನ್ನೆಲ್ಲ ಪರೀಕ್ಷಿಸಿ, ಕೊಕ್ಕು ಒರೆಸಿಕೊಂಡು ಹೇಳಿತು: "ಇಂಥ ಮರ ಈಗೆಲ್ಲಿ ಸಿಗುತ್ತದೆ ರಾಯರೇ? ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ."

ಮುಳ್ಳುಹಂದಿ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡಿತು. ನಡುಹೊಳೆ ಮುಟ್ಟುವಷ್ಟರಲ್ಲಿ ದೋಣಿಯ ತಳವೇ ಕಳಚಿಹೋಯಿತು. ಹೊಟ್ಟೆ ತುಂಬ ನೀರು ಕುಡಿದು, ತೇಲಿಬಂದ ಕೊಂಬೆಯೊಂದನ್ನು ಹಿಡಿದು ಹೇಗೋ ದಡ ಸೇರಿದ ಮುಳ್ಳುಹಂದಿ, "ನೀನು ಮೆಚ್ಚಿದ ದೋಣಿ ಮುಳುಗಿತಲ್ಲಯ್ಯಾ!" ಎಂದು ಕೂಗಾಡಿತು.

ಮರಕುಟಿಗಕ್ಕೆ ನಿಜಕ್ಕೂ ಸಂಕಟವಾಯಿತು.

"ಅಯ್ಯಯ್ಯೋ! ಅದರೊಳಗೆ ಇನ್ನೂ ಎಷ್ಟೊಂದು ಹುಳುಗಳಿದ್ದವು!"